ಎಲ್ಲಿತನಕ ಬಂದೈತಿ? ದೂರದ ಕಚೇರಿಯ ಕಡತ ತೆರೆಯದಿದ್ದಾಗ ತೊಡಕು ಹುಡುಕುವ ಕ್ರಮ

(ತಿರ್ಲಾಪುರದಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಇಂತಹ ಸಭೆಗಳಲ್ಲಿ ಶಿಕ್ಷಣದ ಮಹತ್ವದ ಬಗ್ಗೆ ಮಾತುಗಳಾಗುವುದು ರೂಢಿ. ಆ ಮಾತನ್ನು ನನಗಿಂತ ಚೆನ್ನಾಗಿ ಆಡಬಲ್ಲವರು ಇಲ್ಲಿದ್ದಾರೆ. ನಾನು ಕಂಪ್ಯೂಟರ್ ಜಾಲಗಳ ದುರಸ್ತಿ ಮಾಡಿ ಹೊಟ್ಟೆ ಹೊರೆಯುವವನು. ಆದ್ದರಿಂದ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ಓದಿ, ಕೆಲಸ ಹಿಡಿದು, ಮನೆಯಲ್ಲೇ ಕುಳಿತು ಹುಬ್ಬಳ್ಳಿಯ ಅಥವಾ ಬೆಂಗಳೂರಿನ ಕಚೇರಿಯ ಕೆಲಸ ಮಾಡುವಾಗ ಅಲ್ಲಿಯ ಕಡತ ತೆರೆಯದೇ ಹೋದರೆ ಏನು ಮಾಡಬೇಕು? ಇಷ್ಟೇ ವಿಷಯ. ಇದೇನು ಭಾಷಣಕ್ಕೆ ತಕ್ಕ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಇದರಿಂದ ಒಬ್ಬ ಹುಡುಗಿಯ ಕೆಲಸ ಹೋಗುವುದರಲ್ಲಿತ್ತು. ಅದರಲ್ಲಿ ನನ್ನ ತಪ್ಪೂ ಇತ್ತು. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ಮೂರು ವಾರದ ಕಷ್ಟ

2020ರ ಮಾರ್ಚ್ 25ರಿಂದ ದೇಶದಲ್ಲೆಲ್ಲ ಲಾಕ್‌ಡೌನ್ ಆಯಿತು. ಅದಕ್ಕಿಂತ ಮೊದಲು ಕಾಲ್ ಸೆಂಟರ್ ಮತ್ತು ಅದೇ ಬಗೆಯ ಸೇವಾ ಸಂಸ್ಥೆಗಳು ತಮ್ಮ ನೌಕರರನ್ನು ಮನೆಯಿಂದ ದುಡಿಸಲು ದೂರಸಂಪರ್ಕ ಇಲಾಖೆಯ ನಿಯಮಗಳು ಸುಲಭವಾಗಿರಲಿಲ್ಲ. ಭದ್ರತಾ ಠೇವಣಿ ಇಡಬೇಕಿತ್ತು, ಇಲಾಖೆ ಹೇಳಿದ ಬಗೆಯ ಸಂಪರ್ಕವನ್ನೇ ಬಳಸಬೇಕಿತ್ತು. ಅದೇ ಮಾರ್ಚ್ 13ರಂದು ಇಲಾಖೆ ಈ ನಿಯಮಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು. ನವೆಂಬರ್ 5ರಂದು ಹೊಸ ಮಾರ್ಗಸೂಚಿ ಹೊರಡಿಸಿ ಆ ಬಂಧನಗಳನ್ನು ತೆಗೆದೇಹಾಕಿತು. ಊರು ಬಿಟ್ಟು ಹೋಗಿದ್ದ ಎಷ್ಟೋ ಹುಡುಗರು ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದರು. ಹೆಣ್ಣುಮಕ್ಕಳ ಮಟ್ಟಿಗಂತೂ ಒಂದು ಹೊಸ ಬಾಗಿಲೇ ತೆರೆಯಿತು. ಪರಸ್ಥಳಕ್ಕೆ ಕಳಿಸಲು ಹಿಂಜರಿಯುವ ಮನೆಯವರೂ "ಮನೆಯಾಗ ಕುಂತು ಮಾಡ್ತಿದ್ರ ಮಾಡವ್ವ" ಎಂದರು.

ನನಗೆ ಪರಿಚಯದ ಮನೆಯ ಒಬ್ಬ ಹುಡುಗಿ ಬಿ.ಕಾಂ. ಮುಗಿಸಿ ಲೆಕ್ಕಪತ್ರ ನೋಡುವ ಒಂದು ಕಚೇರಿಯ ಕೆಲಸ ಹಿಡಿದಿದ್ದಳು. ಹೆಸರು, ಕಚೇರಿ ಎರಡೂ ಬೇಡ. ಒಂದು ದಿನ ನನಗೆ ಫೋನ್ ಮಾಡಿದಳು.

"ಚಾಚಾ, ವಿಪಿಎನ್ ಹತ್ತೈತ್ರಿ. ಝಡ್ ಡ್ರೈವ್ ಮಾತ್ರ ತೆರೀವಲ್ದು."

ನಾನು ವಿಪಿಎನ್ ತಂತ್ರಾಂಶ ತೆಗೆದು ಮತ್ತೆ ಹಾಕು ಎಂದೆ. ಹಾಕಿದಳು, ಆಗಲಿಲ್ಲ. ಇನ್ನೊಮ್ಮೆ ಹಾಕು ಎಂದೆ. ಆಗಲೂ ಆಗಲಿಲ್ಲ. ಹಳ್ಳಿಯ ಲೈನು ಸರಿ ಇರಲಿಕ್ಕಿಲ್ಲ ಎಂದು ಹೇಳಿ ಕೈತೊಳೆದುಕೊಂಡೆ. ಆಗ ಆಕೆ ಇನ್ನೊಂದು ಮಾತು ಹೇಳಿದ್ದಳು.

"ರಾತ್ರಿ ಅಬ್ಬಾನ ಫೋನಿಂದ ಹಚ್ಚಿದ್ರ ತೆರೀತೈತ್ರಿ ಚಾಚಾ."

ನಾನು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಆಕೆಯ ತಂದೆ ಟೆಂಪೋ ಓಡಿಸುವವರು. ಹಗಲು ಫೋನು ಅವರ ಜೊತೆಗೇ ಹೋಗುತ್ತಿತ್ತು. ಹೀಗಾಗಿ ಆಕೆ ಅವರು ಮನೆಗೆ ಬಂದ ಮೇಲೆ ಆ ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ರಾತ್ರಿ ಎರಡರವರೆಗೆ ಕೆಲಸ ಮಾಡುತ್ತಿದ್ದಳು. ಹಗಲು ಕೆಲಸ ಮಾಡುತ್ತಿಲ್ಲ ಎಂದು ಕಚೇರಿಯವರ ಬೇಸರ. ರಾತ್ರಿ ನಿದ್ದೆ ಇಲ್ಲ ಎಂದು ಮನೆಯವರ ಬೇಸರ. ಮೂರು ವಾರ ಹೀಗೇ ನಡೆಯಿತು. ಕೊನೆಗೆ ಆಕೆಯ ತಾಯಿ ನನಗೆ ಫೋನ್ ಮಾಡಿ, "ಭಾಯ್, ಬಿಟ್ಟುಬಿಡು ಅಂತ ಹೇಳೇವ್ರಿ. ನಾಳೆ ರಾಜೀನಾಮೆ ಬರೀತಾಳ" ಎಂದರು. ಆಗ ನನಗೆ ಎಚ್ಚರವಾಯಿತು.

ತೊಡಕು ಏನಿತ್ತು ಎಂಬುದನ್ನು ಅದರ ಸ್ಥಾನ ಬಂದಾಗ ಹೇಳುತ್ತೇನೆ. ಮೊದಲು ನಾವು ಮಾತಾಡುತ್ತಿರುವ ವಸ್ತು ಯಾವುದು ಎಂದು ತಿಳಿದುಕೊಳ್ಳೋಣ.

ಹಂಚಿಕೆಯ ಡ್ರೈವ್ ಎಂದರೇನು, ವಿಪಿಎನ್ ಎಂದರೇನು

ಹಿರಿಯರಿಗೆ ತಿಳಿಯಲೆಂದು ಪಹಣಿಯ ಉದಾಹರಣೆ ಕೊಡುತ್ತೇನೆ. ಮೊದಲು ಪಹಣಿ ಕೈಬರಹದಲ್ಲಿತ್ತು, ಗ್ರಾಮ ಲೆಕ್ಕಿಗರ ಬಳಿ ಇರುತ್ತಿತ್ತು. ಅವರು ಸಿಕ್ಕರೆ ಪಹಣಿ, ಇಲ್ಲದಿದ್ದರೆ ಇಲ್ಲ. ಸುಮಾರು 2000ನೇ ಇಸವಿಯಿಂದ ಭೂಮಿ ಯೋಜನೆಯಲ್ಲಿ ಅದು ಕಂಪ್ಯೂಟರಿಗೆ ಬಂತು. ದಾಖಲೆ ಒಂದು ಕಡೆ ಇರುತ್ತದೆ, ಅಧಿಕಾರವಿದ್ದವರು ಬೇರೆ ಬೇರೆ ಸ್ಥಳಗಳಿಂದ ಅದನ್ನೇ ನೋಡುತ್ತಾರೆ. ಕಚೇರಿಯ ಹಂಚಿಕೆಯ ಡ್ರೈವ್ ಕೂಡ ಇದೇ ತತ್ವದ್ದು. ಕಚೇರಿಯ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಕಡತಗಳ ಕಪಾಟು ಇರುತ್ತದೆ. ಅದಕ್ಕೆ ಸರ್ವರ್ ಎನ್ನುತ್ತಾರೆ. ಆ ಕಪಾಟಿನ ಒಂದು ಅಂಕಣಕ್ಕೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಝಡ್ ಅಥವಾ ಎಸ್ ಎಂದು ಹೆಸರು ಕೊಟ್ಟಿರುತ್ತಾರೆ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದೆಯೆಂದು ಅನಿಸುತ್ತದೆ. ನಿಜವಾಗಿ ಅದು ಇರುವುದು ದೂರದಲ್ಲಿ.

ವಿಂಡೋಸ್ ಕಂಪ್ಯೂಟರುಗಳು ಈ ಕೊಡುಕೊಳ್ಳುವಿಕೆಗೆ ಬಳಸುವ ಭಾಷೆಗೆ ಎಸ್‌ಎಮ್‌ಬಿ ಎಂದು ಹೆಸರು. ಇದು 1980ರ ದಶಕದಲ್ಲಿ ಐಬಿಎಮ್ ಕಂಪನಿಯಲ್ಲಿ ಹುಟ್ಟಿತು. ಒಂದೇ ಕಟ್ಟಡದಲ್ಲಿರುವ ಕಂಪ್ಯೂಟರುಗಳಿಗಾಗಿ ಹುಟ್ಟಿದ ಭಾಷೆ ಎಂಬುದನ್ನು ನೆನಪಿಡಿ, ಮುಂದೆ ಇದು ಬೇಕಾಗುತ್ತದೆ.

ಇನ್ನು ವಿಪಿಎನ್. ನಿಮ್ಮ ಮನೆಗೂ ಕಚೇರಿಗೂ ನಡುವೆ ಇರುವುದು ಸಾರ್ವಜನಿಕ ಇಂಟರ್‌ನೆಟ್. ವಿಪಿಎನ್ ಎಂಬುದು ಅದರೊಳಗೆ ಗೂಢಲಿಪಿಯಿಂದ ಮುಚ್ಚಿದ ಒಂದು ಕೊಳವೆ. ಅದರಲ್ಲಿ ಹೋಗುವುದನ್ನು ನಡುವಿನವರು ಓದಲಾರರು. ಅದರ ಮೂಲಕ ಹೋದಾಗ ನಿಮ್ಮ ಲ್ಯಾಪ್‌ಟಾಪು ಕಚೇರಿಯ ಒಳಗೇ ಇದ್ದಂತೆ ನಡೆದುಕೊಳ್ಳುತ್ತದೆ.

ಇಲ್ಲಿ ಪಾಲಕರಿಗೆ ಒಂದು ಮಾತು. ವಿಪಿಎನ್ ಎಂದರೆ ನಿಷೇಧಿಸಿದ ತಾಣಗಳನ್ನು ಕದ್ದು ನೋಡುವ ಸಾಧನ ಎಂಬ ಅಭಿಪ್ರಾಯ ನಮ್ಮಲ್ಲಿದೆ. ಫೋನಿನಲ್ಲಿ ಪುಕ್ಕಟೆ ಸಿಗುವ ಆ್ಯಪ್‌ಗಳೇ ಬೇರೆ, ಕಚೇರಿ ತನ್ನ ನೌಕರರಿಗೆ ಕೊಡುವ ವಿಪಿಎನ್ನೇ ಬೇರೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಡಬೇಕೆಂದು ನಿರ್ದೇಶನ ಕೊಟ್ಟಿತು. ಕಂಪನಿಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗೆ ಇದು ಅನ್ವಯಿಸುವುದಿಲ್ಲವೆಂದೂ ನಂತರ ಸ್ಪಷ್ಟಪಡಿಸಿತು. ಮಗಳ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಎಂಬ ಹೆಸರು ಕಂಡರೆ ಗಾಬರಿಯಾಗಬೇಡಿ.

ರೈತನ ಪ್ರಶ್ನೆ

ನಮ್ಮ ನವಲಗುಂದ ತಾಲೂಕಿಗೆ ಮಲಪ್ರಭೆಯ ಬಲದಂಡೆ ಕಾಲುವೆಯ ನೀರು. ಕಾಲುವೆಯ ಕೊನೆಭಾಗದ ರೈತನ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಹೊಲಕ್ಕೆ ನೀರು ಬರಲಿಲ್ಲ ಎಂದರೆ ಆತ ನವಿಲುತೀರ್ಥದ ಅಣೆಕಟ್ಟಿಗೆ ಓಡುವುದಿಲ್ಲ. ಮೊದಲು ತನ್ನ ಹೊಲಗಾಲುವೆ ನೋಡುತ್ತಾನೆ. ಅಲ್ಲಿ ಇಲ್ಲದಿದ್ದರೆ ತೂಬು, ಆ ಮೇಲೆ ಉಪಕಾಲುವೆ, ಆ ಮೇಲೆ ಅದರ ಗೇಟು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಾನೆ: "ಎಲ್ಲಿತನಕ ಬಂದೈತಿ?"

ನೀರು ಬಂದ ಕಡೆಯ ಜಾಗಕ್ಕೂ ಬಾರದ ಮೊದಲ ಜಾಗಕ್ಕೂ ನಡುವೆಯೇ ತೊಡಕು ಇರುತ್ತದೆ. ಜಾಲದ ದುರಸ್ತಿಯಲ್ಲಿಯೂ ವಿದ್ಯೆ ಇಷ್ಟೇ. "ಡ್ರೈವ್ ತೆರೆಯುತ್ತಿಲ್ಲ" ಎಂಬುದು ತೊಡಕಿನ ಹೆಸರಲ್ಲ. ಅದು "ಹೊಲಕ್ಕೆ ನೀರಿಲ್ಲ" ಎಂದು ಹೇಳಿದಷ್ಟೇ. ಅದರ ಹಿಂದೆ ಏಳೆಂಟು ಬೇರೆ ಬೇರೆ ಕಾರಣಗಳಿರಬಹುದು. ಅವುಗಳನ್ನು ಹತ್ತಿರದಿಂದ ದೂರಕ್ಕೆ ಒಂದೊಂದಾಗಿ ಕೇಳುತ್ತ ಹೋಗೋಣ.

ಒಂದನೆಯ ಪ್ರಶ್ನೆ: ಮನೆಯ ಇಂಟರ್‌ನೆಟ್ ಇದೆಯೇ? ವಿಪಿಎನ್ ಮುಚ್ಚಿ ಯಾವುದಾದರೂ ಸಾಮಾನ್ಯ ತಾಣ ತೆರೆದು ನೋಡಿ. ಅದೇ ತೆರೆಯದಿದ್ದರೆ ಕಚೇರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಎರಡನೆಯದು: ಕೊಳವೆ ನಿಂತಿದೆಯೇ? ವಿಪಿಎನ್ ತಂತ್ರಾಂಶ ಸಂಪರ್ಕವಾಗಿದೆ ಎಂದು ತೋರಿಸಬೇಕು. ಲ್ಯಾಪ್‌ಟಾಪಿಗೆ ಕಚೇರಿ ಕೊಟ್ಟ ಒಂದು ವಿಳಾಸವೂ ಸಿಕ್ಕಿರಬೇಕು. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂಬ ಆದೇಶ ಕೊಟ್ಟರೆ ಎರಡು ವಿಳಾಸಗಳು ಕಾಣುತ್ತವೆ. ಒಂದು ಮನೆಯ ರೂಟರ್ ಕೊಟ್ಟದ್ದು, ಇನ್ನೊಂದು ವಿಪಿಎನ್ ಕೊಟ್ಟದ್ದು. ಎರಡನ್ನೂ ಬರೆದಿಟ್ಟುಕೊಳ್ಳಿ. ಇನ್ನೊಂದು ಸಂಗತಿ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಅದು ಝಡ್ ಡ್ರೈವನ್ನು ಹುಡುಕುತ್ತದೆ. ಆಗ ವಿಪಿಎನ್ ಇನ್ನೂ ಹಚ್ಚಿರುವುದಿಲ್ಲ. ಸಿಗದೆ ಕೆಂಪು ಗುಣಿಸುವ ಗುರುತು ಹಾಕಿಬಿಡುತ್ತದೆ. ವಿಪಿಎನ್ ಹಚ್ಚಿದ ಮೇಲೆ ಆ ಡ್ರೈವಿನ ಮೇಲೆ ಮತ್ತೊಮ್ಮೆ ಒತ್ತಿದರೆ ಎಷ್ಟೋ ಸಲ ತೆರೆಯುತ್ತದೆ. ಈ ಗುರುತನ್ನು ನೋಡಿಯೇ ಹೆದರಿದವರು ಬಹಳ ಜನ.

ಮೂರನೆಯದು: ದಾರಿ ಸರಿಯಾದ ಕಡೆಗೆ ಹೋಗುತ್ತಿದೆಯೇ? ಆ ಹುಡುಗಿಯ ತೊಡಕು ಇಲ್ಲೇ ಇತ್ತು. ಮನೆ ಮತ್ತು ಕಚೇರಿಗಳ ಒಳಗಿನ ಬಳಕೆಗೆಂದು ಮೂರು ವಿಳಾಸ ಗುಂಪುಗಳನ್ನು ಮೀಸಲಿಡಲಾಗಿದೆ: 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಆರಂಭವಾಗುವವು. ಇವುಗಳನ್ನು ಯಾರು ಬೇಕಾದರೂ ತಮ್ಮ ಒಳಗೆ ಬಳಸಬಹುದು. ಮನೆಯ ರೂಟರುಗಳಲ್ಲಿ ಬಹಳಷ್ಟು 192.168.1 ಅಥವಾ 192.168.0 ಎಂದೇ ಬರುತ್ತವೆ. ಸಣ್ಣ ಕಚೇರಿಯವರೂ ಅದನ್ನೇ ಬದಲಿಸದೆ ಇಟ್ಟುಕೊಂಡಿರುತ್ತಾರೆ.

ಈಗ ನೋಡಿ. ನಮ್ಮ ಓಣಿಯಲ್ಲಿ ಒಬ್ಬ ಇಮಾಮಸಾಬ ಇದ್ದಾನೆ, ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಇಮಾಮಸಾಬ ಇದ್ದಾನೆ ಎನ್ನಿ. ಹುಡುಗನ ಕೈಯಲ್ಲಿ ಚೀಟಿ ಕೊಟ್ಟು "ಇಮಾಮಸಾಬಗ ಕೊಟ್ಟು ಬಾ" ಎಂದರೆ ಆತ ಹುಬ್ಬಳ್ಳಿ ಬಸ್ಸು ಹತ್ತುವುದಿಲ್ಲ, ಓಣಿಯವನಿಗೇ ಕೊಟ್ಟು ಬರುತ್ತಾನೆ. ಆಕೆಯ ಮನೆಯ ರೂಟರು 192.168.1, ಕಚೇರಿಯ ಸರ್ವರೂ 192.168.1ರಲ್ಲೇ ಇತ್ತು. ಸರ್ವರಿನ ವಿಳಾಸ ಕಂಡ ಕೂಡಲೇ ಲ್ಯಾಪ್‌ಟಾಪು ಇದು ಮನೆಯೊಳಗಿನದೇ ಎಂದು ತಿಳಿದು ಕೊಳವೆಗೆ ಹಾಕದೆ ಮನೆಯಲ್ಲೇ ಹುಡುಕುತ್ತಿತ್ತು. ವಿಪಿಎನ್ ಸರಿ ಇತ್ತು, ಲೈನು ಸರಿ ಇತ್ತು, ಪಾಸ್‌ವರ್ಡ್ ಸರಿ ಇತ್ತು. ತಂದೆಯ ಫೋನಿನ ಹಾಟ್‌ಸ್ಪಾಟ್ ಬೇರೆ ಸಂಖ್ಯೆಯ ವಿಳಾಸ ಕೊಡುತ್ತಿತ್ತು. ಅದಕ್ಕೇ ರಾತ್ರಿ ತೆರೆಯುತ್ತಿತ್ತು.

ಆಕೆ ಮೊದಲ ದಿನವೇ ನನಗೆ ಉತ್ತರ ಕೊಟ್ಟಿದ್ದಳು. ಒಂದು ಕಡೆ ಆಗುತ್ತದೆ, ಇನ್ನೊಂದು ಕಡೆ ಆಗುವುದಿಲ್ಲ ಎಂದರೆ ಈ ಎರಡರ ನಡುವೆ ಏನು ಬೇರೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೊನೆಗೆ ಮನೆಯ ರೂಟರಿನ ಒಳಗಿನ ಸಂಖ್ಯೆಯನ್ನು 192.168.77 ಎಂದು ಬದಲಿಸಿ ರೂಟರನ್ನು ಒಮ್ಮೆ ಮುಚ್ಚಿ ತೆರೆದೆವು. ಹತ್ತು ನಿಮಿಷದ ಕೆಲಸ. ಮೂರು ವಾರದ ನಿದ್ದೆ ಹೋಗಿತ್ತು. ಆಕೆ ರಾಜೀನಾಮೆ ಕೊಡಲಿಲ್ಲ.

ನಾಲ್ಕನೆಯದು: ಹೆಸರು ಗೊತ್ತಾಗುತ್ತಿದೆಯೇ? ನಾವು ಸರ್ವರನ್ನು ಹೆಸರಿನಿಂದ ಕರೆಯುತ್ತೇವೆ. ಜಾಲಕ್ಕೆ ಬೇಕಾದದ್ದು ಸಂಖ್ಯೆ. ಹೆಸರಿನಿಂದ ಸಂಖ್ಯೆ ಹೇಳುವುದು ಡಿಎನ್‌ಎಸ್ ಎಂಬ ವ್ಯವಸ್ಥೆಯ ಕೆಲಸ. ಕಚೇರಿಯೊಳಗಿನ ಹೆಸರುಗಳು ಕಚೇರಿಯ ಡಿಎನ್‌ಎಸ್‌ಗೆ ಮಾತ್ರ ಗೊತ್ತು. ನಿಮ್ಮ ಲ್ಯಾಪ್‌ಟಾಪು ಅದನ್ನು ಕೇಳದೆ ಮನೆಯ ಇಂಟರ್‌ನೆಟ್ ಕಂಪನಿಯ ಡಿಎನ್‌ಎಸ್ ಅನ್ನು ಕೇಳಿದರೆ "ಅಂಥವರು ಯಾರೂ ಇಲ್ಲ" ಎಂಬ ಉತ್ತರ ಬರುತ್ತದೆ. ಎನ್‌ಎಸ್‌ಲುಕಪ್ ಎಂಬ ಆದೇಶದ ಮುಂದೆ ಸರ್ವರಿನ ಹೆಸರು ಕೊಟ್ಟು ನೋಡಿ. ಸಂಖ್ಯೆ ಬಂದರೆ ಮುಂದೆ ಹೋಗಿ. ಬಾರದಿದ್ದರೆ ಸಣ್ಣ ಹೆಸರಿನ ಬದಲು ಪೂರ್ತಿ ಹೆಸರು ಕೊಟ್ಟು ನೋಡಿ. ಹೆಸರಿನಿಂದ ತೆರೆಯದ್ದು ಸಂಖ್ಯೆಯಿಂದ ತೆರೆದರೆ ತೊಡಕು ಬಹುಮಟ್ಟಿಗೆ ಹೆಸರಿನಲ್ಲಿದೆ.

ಐದನೆಯದು: ಬಾಗಿಲು ತೆರೆದಿದೆಯೇ? ಒಂದೇ ಸರ್ವರಿಗೆ ಅನೇಕ ಬಾಗಿಲುಗಳು, ಪ್ರತಿಯೊಂದಕ್ಕೂ ಸಂಖ್ಯೆ. ಕಡತ ಹಂಚಿಕೆಯ ಬಾಗಿಲು 445. ಪಿಂಗ್ ಎಂಬ ಆದೇಶಕ್ಕೆ ಉತ್ತರ ಬಂದರೆ ದಾರಿ ಇದೆ ಎಂದು ಅರ್ಥ, 445 ತೆರೆದಿದೆ ಎಂದಲ್ಲ. ಪಿಂಗ್‌ಗೆ ಉತ್ತರ ಬಾರದಿದ್ದರೆ ದಾರಿ ಇಲ್ಲ ಎಂದೂ ಅಲ್ಲ, ಕೆಲವು ಕಚೇರಿಗಳು ಪಿಂಗ್ ಅನ್ನೇ ತಡೆದಿರುತ್ತವೆ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆದೇಶಕ್ಕೆ ಸರ್ವರಿನ ಹೆಸರು ಮತ್ತು 445 ಕೊಟ್ಟರೆ ಬಾಗಿಲು ತೆರೆದಿದೆಯೋ ಇಲ್ಲವೋ ಹೇಳುತ್ತದೆ. ಮುಚ್ಚಿದ್ದರೆ ಅದನ್ನು ತೆರೆಯಬೇಕಾದವರು ಕಚೇರಿಯವರು.

ಆರನೆಯದು: ಒಳಗಿನವರು ನಿಮ್ಮನ್ನು ಗುರುತಿಸಿದರೇ? ಇಲ್ಲಿ ಮೂರು ಕಾರಣಗಳು ಪದೇ ಪದೇ ಕಾಣುತ್ತವೆ. ಪಾಸ್‌ವರ್ಡ್ ಬದಲಿಸಿರುತ್ತೀರಿ, ಲ್ಯಾಪ್‌ಟಾಪು ಹಳೆಯದನ್ನೇ ನೆನಪಿಟ್ಟುಕೊಂಡು ಅದನ್ನೇ ಒಪ್ಪಿಸುತ್ತಿರುತ್ತದೆ. ಹೀಗೆ ಹಲವು ಸಲ ತಪ್ಪಾದರೆ ನಿಮ್ಮ ಖಾತೆಗೇ ಕೀಲಿ ಬೀಳಬಹುದು. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹಳೆಯದನ್ನು ಅಳಿಸಿ. ಎರಡನೆಯ ಕಾರಣ, ಒಂದೇ ಸರ್ವರಿಗೆ ಇಬ್ಬರ ಹೆಸರಿನಲ್ಲಿ ಒಮ್ಮೆಲೆ ಹೋಗಲು ವಿಂಡೋಸ್ ಬಿಡುವುದಿಲ್ಲ. ಮೂರನೆಯ ಕಾರಣ ಗಡಿಯಾರ. ಹಳೆಯ ಲ್ಯಾಪ್‌ಟಾಪುಗಳ ಒಳಗಿನ ಸಣ್ಣ ಬ್ಯಾಟರಿ ಮುಗಿದು ತಾರೀಖು, ವೇಳೆ ತಪ್ಪಿರುತ್ತದೆ. ದೊಡ್ಡ ಕಚೇರಿಗಳಲ್ಲಿ ಗುರುತು ಪರೀಕ್ಷಿಸುವ ಕೆರ್ಬೆರೋಸ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವನ್ನು ಒಪ್ಪುವುದಿಲ್ಲ.

ಏಳನೆಯದು: ಗುರುತಿಸಿದ ಮೇಲೆ ಅನುಮತಿ ಇದೆಯೇ? ವಿಂಡೋಸ್ ಸರ್ವರಿನಲ್ಲಿ ಅನುಮತಿ ಎರಡು ಕಡೆ ಇರುತ್ತದೆ: ಹಂಚಿಕೆಗೆ ಒಂದು, ಒಳಗಿನ ಕಡತಕ್ಕೆ ಒಂದು. ದೂರದಿಂದ ಬಂದವರಿಗೆ ಇವೆರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಸಾಹೇಬರು "ಅನುಮತಿ ಕೊಟ್ಟೇನಿ" ಎಂದರೂ ತೆರೆಯದಿದ್ದರೆ ಇನ್ನೊಂದು ಕಡೆ ಉಳಿದಿರಬಹುದು. ಹೊಸದಾಗಿ ಗುಂಪಿಗೆ ಸೇರಿಸಿದ್ದರೆ ಒಮ್ಮೆ ಹೊರಬಿದ್ದು ಮತ್ತೆ ಲಾಗಿನ್ ಆಗುವವರೆಗೆ ಅದು ಜಾರಿಗೆ ಬರುವುದಿಲ್ಲ.

ಸಂಖ್ಯೆಗಳು ಸುಳ್ಳು ಹೇಳುವುದಿಲ್ಲ

ಕಂಪ್ಯೂಟರು ತೆರೆಯದಿದ್ದಾಗ ಒಂದು ಸಂಖ್ಯೆ ತೋರಿಸುತ್ತದೆ. ನಾವು ಅದನ್ನು ಓದದೆ ಮುಚ್ಚಿಬಿಡುತ್ತೇವೆ. 53 ಎಂದರೆ ದಾರಿ ಸಿಗಲಿಲ್ಲ. ಮೂರು, ನಾಲ್ಕು, ಐದನೆಯ ಪ್ರಶ್ನೆ ಕೇಳಿ. 67 ಎಂದರೆ ಹಂಚಿಕೆಯ ಹೆಸರು ಸಿಗಲಿಲ್ಲ, ನೀವು ಬರೆದ ಹೆಸರಿನಲ್ಲಿ ತಪ್ಪಿರಬಹುದು. 86 ಅಥವಾ 1326 ಎಂದರೆ ಹೆಸರು, ಪಾಸ್‌ವರ್ಡ್ ತಪ್ಪು. 1219 ಎಂದರೆ ಇಬ್ಬರ ಹೆಸರಿನ ಗೊಂದಲ. 5 ಎಂದರೆ ಅನುಮತಿ ಇಲ್ಲ. 5 ಬಂದರೆ ಸಂತೋಷಪಡಿ, ನೀವು ಸರ್ವರಿನವರೆಗೆ ತಲುಪಿದ್ದೀರಿ, ಲೈನನ್ನು ಬೈಯುವ ಕಾರಣವಿಲ್ಲ.

ಕೆಲವೊಮ್ಮೆ 80070035 ಎಂದು ಕೊನೆಯಾಗುವ ಉದ್ದ ಸಂಖ್ಯೆ ಬರುತ್ತದೆ. ಗಣಿತ ಓದುವ ವಿದ್ಯಾರ್ಥಿಗಳೇ, ಅದರ ಕೊನೆಯ 35 ಹದಿನಾರರ ಮೂಲದಲ್ಲಿ ಬರೆದದ್ದು. 3 × 16 + 5 = 53. ಅದೇ ಹಳೆಯ 53, ವೇಷ ಬೇರೆ. ಶಾಲೆಯಲ್ಲಿ ಕಲಿತ ಸಂಖ್ಯಾ ಪದ್ಧತಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವವರಿಗೆ ಇದು ಉತ್ತರ.

ತೆರೆಯುತ್ತದೆ, ಆದರೆ ನಿಧಾನ

ಇನ್ನೊಂದು ದೂರು ಎಂದರೆ ಡ್ರೈವ್ ತೆರೆದರೂ ಆಮೆಯಂತೆ ನಡೆಯುತ್ತದೆ. ಎಸ್‌ಎಮ್‌ಬಿ ಒಂದೇ ಕಟ್ಟಡಕ್ಕಾಗಿ ಹುಟ್ಟಿದ ಭಾಷೆ ಎಂದು ಹೇಳಿದ್ದೆ. ಒಂದು ಕಡತಕ್ಕಾಗಿ ಅದು ಹಲವು ಸಲ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತದೆ. ಕಚೇರಿಯ ಒಳಗೆ ಹೋಗಿಬರಲು 1 ಮಿಲಿಸೆಕೆಂಡ್ ಬೇಕು ಎನ್ನಿ, ಒಂದರ ಹಿಂದೆ ಒಂದು ಸಾವಿರ ಪ್ರಶ್ನೆ ಕೇಳಿದರೂ 1 ಸೆಕೆಂಡಿನಲ್ಲಿ ಮುಗಿಯಿತು. ನಿಮ್ಮ ಮನೆಯಿಂದ ಹೋಗಿಬರಲು 60 ಮಿಲಿಸೆಕೆಂಡ್ ಆದರೆ ಅದೇ ಸಾವಿರ ಪ್ರಶ್ನೆಗೆ ಪೂರ್ತಿ ಒಂದು ನಿಮಿಷ. ಲೈನಿನ ವೇಗ ಹೆಚ್ಚಿಸಿದರೂ ಈ ದೂರದ ಕಾಯುವಿಕೆ ಹೋಗುವುದಿಲ್ಲ. ಆದ್ದರಿಂದ ದೊಡ್ಡ ಕಡತವನ್ನು ನಿಮ್ಮಲ್ಲಿಗೆ ನಕಲು ಮಾಡಿಕೊಂಡು, ತಿದ್ದಿ, ತಿರುಗಿ ಇಡಿ. ಆದರೆ ಬೇರೆಯವರೂ ಅದನ್ನೇ ತಿದ್ದುತ್ತಿಲ್ಲವೆಂದು ಮೊದಲು ಕೇಳಿಕೊಳ್ಳಿ. ಲೆಕ್ಕಪತ್ರದ ತಂತ್ರಾಂಶದ ದತ್ತಾಂಶವನ್ನು ಮಾತ್ರ ಹೀಗೆ ದೂರದಿಂದ ನೇರವಾಗಿ ತೆರೆಯಬೇಡಿ. ನಡುವೆ ಲೈನು ಕಡಿದರೆ ದತ್ತಾಂಶವೇ ಕೆಡಬಹುದು. ಕಚೇರಿಯ ಕಂಪ್ಯೂಟರಿನ ಪರದೆಯನ್ನೇ ದೂರದಿಂದ ಬಳಸುವ ರಿಮೋಟ್ ಡೆಸ್ಕ್‌ಟಾಪ್ ವ್ಯವಸ್ಥೆಯನ್ನು ವಿಪಿಎನ್ ಮೂಲಕವೇ ಕೊಡಲು ಕಚೇರಿಯವರನ್ನು ಕೇಳಿ.

ಹೆಸರುಗಳ ಪಟ್ಟಿ ಕಾಣುತ್ತದೆ, ದೊಡ್ಡ ಕಡತ ಮಾತ್ರ ನಡುವೆ ನಿಂತುಬಿಡುತ್ತದೆ ಎಂಬುದು ಇನ್ನೊಂದು ಬಗೆ. ಜಾಲದ ಒಂದು ಪೊಟ್ಟಣದ ಅಳತೆ ಸಾಮಾನ್ಯವಾಗಿ 1500 ಬೈಟ್. ವಿಪಿಎನ್ ಅದರ ಮೇಲೆ ತನ್ನದೊಂದು ಹೊದಿಕೆ ಸುತ್ತುತ್ತದೆ. ಹೊಟ್ಟು ಹೇರಿದ ಟ್ರ್ಯಾಕ್ಟರು ರೈಲ್ವೆ ಕೆಳಸೇತುವೆಗೆ ಬಂದು ನಿಂತಂತೆ ತುಂಬಿದ ಪೊಟ್ಟಣ ನಡುವೆ ನಿಲ್ಲುತ್ತದೆ, ಖಾಲಿ ಗಾಡಿ ಸಲೀಸಾಗಿ ದಾಟುತ್ತದೆ. ಆಗ ಎಮ್‌ಟಿಯು ಎಂಬ ಅಳತೆಯನ್ನು ಕಡಿಮೆ ಮಾಡಬೇಕು. ಇದು ಕಚೇರಿಯ ತಂತ್ರಜ್ಞರ ಕೆಲಸ, ಆದರೆ ಲಕ್ಷಣವನ್ನು ಹೇಳುವುದು ನಿಮ್ಮ ಕೆಲಸ.

ಮಾಡಬಾರದ ಕೆಲಸಗಳು

ಕಷ್ಟದಲ್ಲಿದ್ದಾಗ ಅಡ್ಡದಾರಿ ತೋರಿಸುವವರು ಬಹಳ. "ಫೈರ್‌ವಾಲ್ ಪೂರ್ತಿ ಬಂದ್ ಮಾಡು" ಎನ್ನುತ್ತಾರೆ. "ವಿಪಿಎನ್ ಯಾಕೆ, 445 ಬಾಗಿಲನ್ನು ನೇರ ಇಂಟರ್‌ನೆಟ್ಟಿಗೇ ತೆರೆದುಬಿಡೋಣ" ಎನ್ನುವವರೂ ಇದ್ದಾರೆ. 2017ರ ಮೇ 12ರಂದು ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಇದೇ ಬಾಗಿಲಿನಿಂದ ನುಗ್ಗಿ ಸುಮಾರು 150 ದೇಶಗಳಲ್ಲಿ ಹಬ್ಬಿತು. ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಅನೇಕ ಸರ್ಕಾರಿ ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿಯಾಯಿತು. ಅದು ಬಳಸಿದ್ದು ಎಸ್‌ಎಮ್‌ಬಿಯ ಹಳೆಯ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನು. ಅದಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು, ಅನೇಕರು ಹಾಕಿಕೊಂಡಿರಲಿಲ್ಲ. ಆದ್ದರಿಂದ ಹಳೆಯ ಆವೃತ್ತಿಯನ್ನು ಮತ್ತೆ ಚಾಲೂ ಮಾಡಬೇಡಿ. ಗೆಳತಿಯ ಪಾಸ್‌ವರ್ಡ್ ಕೇಳಬೇಡಿ, ನಿಮ್ಮದನ್ನು ಕೊಡಬೇಡಿ. ಆ ಕಪಾಟಿನಲ್ಲಿರುವುದು ಬೇರೆಯವರ ಲೆಕ್ಕ, ಬೇರೆಯವರ ದುಡ್ಡು. ಅದು ನಿಮ್ಮ ಕೈಯಲ್ಲಿ ಇಟ್ಟ ಅಮಾನತು.

ತಕರಾರು ಬರೆಯುವ ರೀತಿ

ಕಚೇರಿಗೆ "ಡ್ರೈವ್ ಬರುತ್ತಿಲ್ಲ, ದಯವಿಟ್ಟು ನೋಡಿ" ಎಂದು ಬರೆದರೆ ಅದು ಕಟ್ಟಿನ ಕೆಳಗೆ ಹೋಗುತ್ತದೆ. ಹೀಗೆ ಬರೆಯಿರಿ: "ಬೆಳಿಗ್ಗೆ 9-40ರಿಂದ ಝಡ್ ಡ್ರೈವ್ ತೆರೆಯುತ್ತಿಲ್ಲ. ಇಂಟರ್‌ನೆಟ್ ಇದೆ. ವಿಪಿಎನ್ ಸಂಪರ್ಕವಾಗಿದೆ. ಮನೆಯ ವಿಳಾಸ ಇಂಥದ್ದು, ವಿಪಿಎನ್ ಕೊಟ್ಟ ವಿಳಾಸ ಇಂಥದ್ದು. ಸರ್ವರಿನ ಹೆಸರಿಗೆ ಸಂಖ್ಯೆ ಸಿಗುತ್ತದೆ. 445 ತೆರೆಯುವುದಿಲ್ಲ. ತೋರಿಸಿದ ಸಂಖ್ಯೆ 53. ಫೋನಿನ ಹಾಟ್‌ಸ್ಪಾಟಿನಲ್ಲಿ ತೆರೆಯುತ್ತದೆ." ಇಂತಹ ಪತ್ರ ಓದಿದ ತಂತ್ರಜ್ಞ ನಿಮ್ಮನ್ನು ಸೋಮಾರಿ ಎನ್ನಲಾರ, ಹಳ್ಳಿಯ ಲೈನು ಎಂದು ತಳ್ಳಿಹಾಕಲಾರ. ನನಗೆ ಆ ಹುಡುಗಿ ಇಷ್ಟನ್ನೂ ಬಾಯಿಮಾತಿನಲ್ಲಿ ಹೇಳಬಹುದಿತ್ತು. ಏನು ಹೇಳಬೇಕೆಂದು ಯಾರೂ ಆಕೆಗೆ ಕಲಿಸಿರಲಿಲ್ಲ, ಏನು ಕೇಳಬೇಕೆಂದು ತಿಳಿದ ನಾನು ಕೇಳಲಿಲ್ಲ.

ವಿದ್ಯಾರ್ಥಿಗಳೇ, ಇದು ದೊಡ್ಡ ಪದವಿಯವರ ವಿದ್ಯೆ ಎಂದು ತಿಳಿಯಬೇಡಿ. 1991-92ರ ಸುಮಾರಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆ್ಯಂಡ್ರೂ ಟ್ರಿಜೆಲ್ ಎಂಬ ಸಂಶೋಧನಾ ವಿದ್ಯಾರ್ಥಿ ಎರಡು ಬೇರೆ ಜಾತಿಯ ಕಂಪ್ಯೂಟರುಗಳ ನಡುವೆ ಕಡತ ಹಂಚಿಕೊಳ್ಳಬೇಕಿತ್ತು. ತಂತಿಯಲ್ಲಿ ಹೋಗಿಬರುವ ಮಾತುಗಳನ್ನು ತಾಳ್ಮೆಯಿಂದ ಗಮನಿಸಿ, ಆ ಭಾಷೆಯನ್ನು ತಾನೇ ಬಿಡಿಸಿಕೊಂಡ. ಅದು ಮುಂದೆ ಸಾಂಬಾ ಎಂಬ ತಂತ್ರಾಂಶವಾಯಿತು. ಎಸ್, ಎಮ್, ಬಿ ಮೂರೂ ಅಕ್ಷರಗಳು ಕ್ರಮವಾಗಿ ಬರುವ ಪದವನ್ನು ಶಬ್ದಕೋಶದಲ್ಲಿ ಹುಡುಕಿ ಆ ಹೆಸರಿಟ್ಟ. ಇಂದಿಗೂ ಲಿನಕ್ಸ್ ಸರ್ವರುಗಳಿಂದ ವಿಂಡೋಸ್ ಲ್ಯಾಪ್‌ಟಾಪಿಗೆ ಕಡತ ಹಂಚುವುದು ಅದೇ. ಅದನ್ನು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಂಡು ಕಲಿಯಬಹುದು.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಎರಡು ಹಳೆಯ ಕಂಪ್ಯೂಟರು, ಒಂದು ಸಾಮಾನ್ಯ ರೂಟರು ಇದ್ದರೆ ಸಾಕು, ಒಂದು ಖೋಲಿಯಲ್ಲಿ ರವಿವಾರದ ತರಗತಿ ನಡೆಸಬಹುದು. ಒಂದರಲ್ಲಿ ಕಡತ ಹಂಚಲಿ, ಇನ್ನೊಂದರಿಂದ ತೆರೆಯಲಿ. ಆ ಮೇಲೆ ಮಾಸ್ತರರು ಬೇಕೆಂದೇ ಒಂದು ತೊಡಕು ಮಾಡಲಿ: ಪಾಸ್‌ವರ್ಡ್ ಬದಲಿಸಲಿ, ಗಡಿಯಾರ ತಪ್ಪಿಸಲಿ, ಅನುಮತಿ ತೆಗೆಯಲಿ. ಹುಡುಗರು, ಹುಡುಗಿಯರು ಪಾಳಿಯಲ್ಲಿ ಕುಳಿತು ಹುಡುಕಲಿ. ನಾನು ತಿಂಗಳಿಗೆ ಒಂದು ರವಿವಾರ ಬಂದು ಕೂಡಲು ಸಿದ್ಧನಿದ್ದೇನೆ. ನನ್ನಿಂದ ಹೋದ ಮೂರು ವಾರದ ಸಾಲ ಅದರಿಂದ ಸ್ವಲ್ಪವಾದರೂ ತೀರೀತು.

ಮಕ್ಕಳೇ, ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಏನಾಯಿತು, ಎಲ್ಲಿತನಕ ಬಂದಿತ್ತು, ಯಾವುದರಿಂದ ಸರಿಯಾಯಿತು ಎಂದು ತಾರೀಖಿನ ಜೊತೆ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ. ಮತ್ತು ನಿಮ್ಮ ಹತ್ತಿರ ಯಾರಾದರೂ ಸಹಾಯ ಕೇಳಿ ಬಂದರೆ, ಉತ್ತರ ಹೇಳುವ ಮೊದಲು ಅವರ ಮಾತನ್ನು ಪೂರ್ತಿ ಕೇಳಿ.

ಆ ಹುಡುಗಿ ಈಗ ತನ್ನ ಕಚೇರಿಗೆ ಹೊಸದಾಗಿ ಸೇರುವವರಿಗೆ ವಿಪಿಎನ್ ಹಚ್ಚುವುದನ್ನು ಕಲಿಸುತ್ತಾಳೆ. ಅವರಿಗೆ ಆಕೆ ಕೇಳುವ ಮೊದಲ ಪ್ರಶ್ನೆ, ನಿಮ್ಮ ಮನೆಯ ರೂಟರಿನ ಸಂಖ್ಯೆ ಎಷ್ಟು ಎಂದು.